‘ಲಾಸ್ಟ್’ ಧಾರಾವಾಹಿ: ದ್ವೀಪದ ಪುರಾಣ ಮತ್ತು ಅಭಿಮಾನಿಗಳ ಮುಗಿಯದ ವಾಗ್ವಾದ

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರ ಸೆಪ್ಟೆಂಬರ್ 22ರಂದು ಆರಂಭವಾಗಿ 2010ರ ಮೇ 23ರಂದು ಮುಕ್ತಾಯಗೊಂಡ ‘ಲಾಸ್ಟ್’ ಧಾರಾವಾಹಿಯ ಅಂತ್ಯದ ಬಗ್ಗೆ ಅಭಿಮಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಆರು ಸೀಸನ್‌ಗಳ 121 ಕಂತುಗಳನ್ನು ಬಿಡದೆ ನೋಡಿದವರಲ್ಲಿಯೇ ಒಂದು ವರ್ಗ, ಪಾತ್ರಗಳೆಲ್ಲ ವಿಮಾನ ಬಿದ್ದ ದಿನವೇ ಸತ್ತುಹೋಗಿದ್ದವು ಎಂದು ವಾದಿಸುತ್ತದೆ. ಇನ್ನೊಂದು ವರ್ಗ ಇದನ್ನು ತಪ್ಪು ಗ್ರಹಿಕೆ ಎಂದು ತಳ್ಳಿಹಾಕುತ್ತದೆ. ಎರಡನೆಯವರ ಮಾತೇ ಸರಿ ಎನ್ನಲು ಧಾರಾವಾಹಿಯೊಳಗೇ ಆಧಾರವಿದೆ. ಆದರೆ ಅಷ್ಟರಿಂದಲೇ ನಿರ್ಮಾಪಕರು ದೋಷಮುಕ್ತರಾಗುವುದಿಲ್ಲ.

ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ‘ಓಷಿಯಾನಿಕ್ 815’ ವಿಮಾನ ನಡುಗಡಲ ದ್ವೀಪವೊಂದರಲ್ಲಿ ಮುರಿದುಬೀಳುವುದು, ಬದುಕುಳಿದವರು ಅಲ್ಲಿ ದಿನ ಕಳೆಯುವುದು ಕಥೆಯ ಮೂಲ ಎಳೆ. ಜೆಫ್ರಿ ಲೀಬರ್, ಜೆ.ಜೆ. ಅಬ್ರಮ್ಸ್ ಮತ್ತು ಡೇಮನ್ ಲಿಂಡೆಲಾಫ್ ಇದರ ಸೃಷ್ಟಿಕರ್ತರು. ಮುಂದೆ ಕಥೆಯ ಚುಕ್ಕಾಣಿ ಹಿಡಿದವರು ಲಿಂಡೆಲಾಫ್ ಹಾಗೂ ಕಾರ್ಲ್ಟನ್ ಕ್ಯೂಸ್. ಚಿತ್ರೀಕರಣ ನಡೆದಿದ್ದು ಹವಾಯಿಯ ಓಹು ದ್ವೀಪದಲ್ಲಿ. ಇರಾಕಿ ಸೈನಿಕ ಸಯೀದ್ ಪಾತ್ರವನ್ನು ನಿರ್ವಹಿಸಿದ ನವೀನ್ ಆಂಡ್ರ್ಯೂಸ್ ಲಂಡನ್ನಿನಲ್ಲಿ ಜನಿಸಿದ ಮಲಯಾಳಿ ಮೂಲದ ನಟ. ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 1.86 ಕೋಟಿ ಜನ ವೀಕ್ಷಿಸಿದ್ದರು. 2005ರಲ್ಲಿ ಅತ್ಯುತ್ತಮ ನಾಟಕೀಯ ಧಾರಾವಾಹಿಗಾಗಿ ಎಮ್ಮಿ ಪ್ರಶಸ್ತಿಯೂ ಸಂದಿತು.

ಕಾಡಿನಲ್ಲಿ ಹಿಮಕರಡಿ, ಮರಗಳನ್ನು ಬುಡಮೇಲು ಮಾಡುವ ಕಪ್ಪು ಹೊಗೆ, ನೆಲದಡಿಯಲ್ಲಿ ಹೂತ ಉಕ್ಕಿನ ಬಾಗಿಲು, 108 ನಿಮಿಷಗಳಿಗೊಮ್ಮೆ ಕಂಪ್ಯೂಟರಿಗೆ ಊಡಬೇಕಾದ ಆರು ಸಂಖ್ಯೆಗಳು – ಹೀಗೆ ಒಗಟಿನ ಮೇಲೊಂದು ಒಗಟು ಪೇರಿಸಿಕೊಂಡು ಕಥೆ ಬೆಳೆಯಿತು. ಈ ಹಿನ್ನೆಲೆ ಕಥನವನ್ನು ಅಮೆರಿಕದ ವೀಕ್ಷಕರು ‘ಮಿಥಾಲಜಿ’, ಅಂದರೆ ಪುರಾಣ ಎನ್ನುತ್ತಾರೆ. 1993ರಲ್ಲಿ ಆರಂಭವಾದ ‘ದಿ ಎಕ್ಸ್-ಫೈಲ್ಸ್’ ಕಾಲದಿಂದ ಈ ಪದ ಟಿವಿ ಲೋಕದಲ್ಲಿ ರೂಢಿಗೆ ಬಂತು. ಆದರೆ ಲಾಸ್ಟ್‌ನ ಅಭಿಮಾನಿಗಳು ಅದನ್ನು ಅಭ್ಯಾಸ ಮಾಡಿದ ಶ್ರದ್ಧೆಯೇ ಬೇರೆ. 2006ರ ಮಾರ್ಚ್‌ನಲ್ಲಿ ಪ್ರಸಾರವಾದ ಕಂತೊಂದರಲ್ಲಿ ಉಕ್ಕಿನ ಬಾಗಿಲಿನ ಒಳಮೈ ಮೇಲೆ ಬರೆದ ನಕಾಶೆಯೊಂದು ಕೆಲವೇ ಕ್ಷಣ ಕಾಣಿಸಿ ಮರೆಯಾಯಿತು. ವೀಕ್ಷಕರು ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಅದರಲ್ಲಿದ್ದ ಲ್ಯಾಟಿನ್ ಟಿಪ್ಪಣಿಗಳನ್ನೆಲ್ಲ ಓದಿ ತೆಗೆದರು. ಜಾನ್ ಲಾಕ್, ರೂಸೋ, ಹ್ಯೂಮ್, ಫ್ಯಾರಡೆ ಎಂಬ ಪಾತ್ರಗಳ ಹೆಸರು ಕಂಡು ತತ್ವಶಾಸ್ತ್ರ, ಭೌತಶಾಸ್ತ್ರದ ಪುಸ್ತಕಗಳನ್ನೂ ತೆರೆದರು.

ಭಾರತೀಯ ವೀಕ್ಷಕರ ಕಿವಿ ನಿಮಿರಿಸಿದ್ದು ‘ಧರ್ಮಾ ಇನಿಷಿಯೇಟಿವ್’. ಎಪ್ಪತ್ತರ ದಶಕದಲ್ಲಿ ದ್ವೀಪದಲ್ಲಿ ಪ್ರಯೋಗಾಲಯಗಳನ್ನು ಸ್ಥಾಪಿಸಿದ ಈ ಸಂಸ್ಥೆಯ ತರಬೇತಿ ಚಿತ್ರಗಳಲ್ಲಿ ವಿಜ್ಞಾನಿಯು ‘ನಮಸ್ತೆ’ ಎಂದು ಕೈಮುಗಿಯುತ್ತಾನೆ. ಆದರೆ ಇಲ್ಲಿ ಧರ್ಮ ಎಂಬುದು ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳ ಜೋಡಣೆ ಮಾತ್ರ. ಸಂಸ್ಥೆಯ ಲಾಂಛನದ ಅಷ್ಟಕೋನ ಬಂದಿದ್ದು ಚೀನಾದ ‘ಐ ಚಿಂಗ್’ನಿಂದ. ಪೂರ್ವದೇಶಗಳ ಅಧ್ಯಾತ್ಮದತ್ತ ಅಂದಿನ ಅಮೆರಿಕದ ಯುವಜನರಿಗಿದ್ದ ಸೆಳೆತದ ಚಿತ್ರವಾಗಿ ಇದು ಸೊಗಸಾಗಿದೆ. ಅದಕ್ಕಿಂತ ಆಳವಾದ ಅರ್ಥ ಹುಡುಕಲು ಹೊರಟರೆ ನಿರಾಶೆಯೇ ಗತಿ.

<b>ಸಂಖ್ಯೆಗಳಿಗೆ ಎರಡು ಉತ್ತರ</b>

4, 8, 15, 16, 23, 42. ಒಟ್ಟು ಮೊತ್ತ 108. ಹರ್ಲಿ ಎಂಬ ಪಾತ್ರ ಈ ಸಂಖ್ಯೆಗಳಿಂದ ಲಾಟರಿ ಗೆದ್ದು, ಅನಂತರ ಸಾಲುಸಾಲು ದುರಂತಗಳನ್ನು ಕಾಣುತ್ತಾನೆ. ಇವುಗಳ ಅರ್ಥವೇನು ಎಂಬ ಪ್ರಶ್ನೆಗೆ ಉತ್ತರ ಒಂದಲ್ಲ, ಎರಡು ದೊರೆತವು. 2006ರಲ್ಲಿ ಧಾರಾವಾಹಿಯ ಹೊರಗೆ ಏರ್ಪಡಿಸಿದ್ದ ‘ದಿ ಲಾಸ್ಟ್ ಎಕ್ಸ್‌ಪೀರಿಯನ್ಸ್’ ಎಂಬ ಆಟದಲ್ಲಿ, ಮಾನವಕುಲದ ವಿನಾಶದ ಕಾಲವನ್ನು ಲೆಕ್ಕಹಾಕುವ ಕಾಲ್ಪನಿಕ ಸಮೀಕರಣವೊಂದರ ಅಂಶಗಳೇ ಇವು ಎನ್ನಲಾಯಿತು. 2010ರ ಕೊನೆಯ ಸೀಸನ್‌ನಲ್ಲಿ, ದ್ವೀಪದ ರಕ್ಷಕ ಜೇಕಬ್ ತನ್ನ ಉತ್ತರಾಧಿಕಾರಿಯನ್ನು ಆರಿಸಲು ಬರೆದಿಟ್ಟ ಪಟ್ಟಿಯ ಕ್ರಮಸಂಖ್ಯೆಗಳು ಎಂದು ತೋರಿಸಲಾಯಿತು: 4 ಲಾಕ್, 23 ಜಾಕ್ ಶೆಫರ್ಡ್, ಹೀಗೆ. ಆಟವಾಡದೆ ಧಾರಾವಾಹಿಯನ್ನಷ್ಟೇ ನೋಡಿದವರಿಗೆ ಮೊದಲ ಉತ್ತರ ತಲುಪಲೇ ಇಲ್ಲ. ಅಂದಹಾಗೆ, 2011ರ ಜನವರಿಯಲ್ಲಿ ಅಮೆರಿಕದ ‘ಮೆಗಾ ಮಿಲಿಯನ್ಸ್’ ಲಾಟರಿಯಲ್ಲಿ 4, 8, 15 ಮತ್ತು 42 ನಿಜಕ್ಕೂ ಬಂದವು. ಧಾರಾವಾಹಿಯ ನೆನಪಿನಲ್ಲಿ ಆ ಸಂಖ್ಯೆಗಳನ್ನೇ ಆಡಿದ್ದ ಸಾವಿರಾರು ಮಂದಿಗೆ ತಲಾ 150 ಡಾಲರ್ ದೊರೆಯಿತು.

ಸಂಖ್ಯೆಗಳು ನಿಗೂಢವಾಗಿ ಉಳಿದಿದ್ದರೂ ಕಥೆಗೆ ನಷ್ಟವಿರಲಿಲ್ಲ. ಆದರೆ ಗರ್ಭಿಣಿಯರ ಸಾವಿನ ವಿಷಯ ಹಾಗಲ್ಲ. ದ್ವೀಪದಲ್ಲಿ ಗರ್ಭ ಧರಿಸಿದ ಮಹಿಳೆಯರು ಹೆರಿಗೆಗೆ ಮುನ್ನವೇ ಸಾಯುತ್ತಾರೆ. ಇದಕ್ಕೆ ಪರಿಹಾರ ಹುಡುಕಲೆಂದೇ ಜೂಲಿಯಟ್ ಎಂಬ ವೈದ್ಯೆಯನ್ನು ಅಲ್ಲಿಗೆ ಕರೆತರಲಾಗುತ್ತದೆ. ಮೂರನೇ ಸೀಸನ್‌ನ ದೊಡ್ಡ ಭಾಗ ನಿಂತಿರುವುದೇ ಇದರ ಮೇಲೆ. ಆದರೆ ಕಾರಣವೇನೆಂದು 121 ಕಂತುಗಳಲ್ಲಿ ಯಾರೂ ಖಚಿತವಾಗಿ ಹೇಳುವುದಿಲ್ಲ. ಅಭಿಮಾನಿಗಳೇ ಎರಡು ಸಿದ್ಧಾಂತ ಕಟ್ಟಿಕೊಂಡರು. ಕಥೆಯಲ್ಲಿ 1977ರಲ್ಲಿ ಸಂಭವಿಸುವ ವಿದ್ಯುತ್ಕಾಂತೀಯ ಅವಘಡ ಹಾಗೂ ಹೈಡ್ರೋಜನ್ ಬಾಂಬ್ ಇದಕ್ಕೆ ಕಾರಣ ಎಂಬುದು ಒಂದು. ಇನ್ನೊಂದು ಪುರಾಣದ ಜಾಡು. 2006ರ ಮೇ ತಿಂಗಳಿನಲ್ಲಿ ದ್ವೀಪದ ದಡದಲ್ಲಿ ನಾಲ್ಕೇ ಬೆರಳುಗಳಿರುವ ಬೃಹತ್ ಕಲ್ಲಿನ ಪಾದವೊಂದು ಕಾಣಿಸಿತು. 2009ರಲ್ಲಿ ವಿಗ್ರಹ ಪೂರ್ತಿಯಾಗಿ, ಆದರೆ ಬೆನ್ನ ಕಡೆಯಿಂದ ಕಂಡಾಗ, ಅದು ಈಜಿಪ್ಟಿನ ಮೃತ್ಯುಲೋಕದ ದೇವತೆ ಅನುಬಿಸ್ ಎಂದು ಕೆಲವರು, ಪ್ರಸವದ ಅಧಿದೇವತೆ ತವೆರೆತ್ ಎಂದು ಕೆಲವರು ಪಟ್ಟುಹಿಡಿದರು. ಗೆದ್ದಿದ್ದು ತವೆರೆತ್ ಪಕ್ಷ. 1867ರಲ್ಲಿ ‘ಬ್ಲ್ಯಾಕ್ ರಾಕ್’ ಹಡಗು ಅಪ್ಪಳಿಸಿ ಆ ವಿಗ್ರಹ ಮುರಿಯಿತೆಂದು ಕೊನೆಯ ಸೀಸನ್ ತೋರಿಸಿದ ಮೇಲೆ, ಹೆರಿಗೆ ದೇವತೆಯ ಭಂಗಕ್ಕೂ ಗರ್ಭಿಣಿಯರ ಸಾವಿಗೂ ನಂಟು ಕಲ್ಪಿಸಲಾಯಿತು. (ಮರದ ಹಡಗು ಕಲ್ಲಿನ ವಿಗ್ರಹವನ್ನು ಕೆಡವಿದ್ದು ಹೇಗೆ ಎಂಬ ಗೇಲಿಯೂ ಕೇಳಿಬಂತೆನ್ನಿ.) ಎರಡೂ ಸಿದ್ಧಾಂತಗಳು ಚೆಂದವೇ. ಆದರೆ ಪಾತ್ರಗಳು ಪ್ರಾಣ ತೆತ್ತ ಪ್ರಶ್ನೆಗೆ ಉತ್ತರವನ್ನು ವೀಕ್ಷಕರೇ ಹೊಂದಿಸಿಕೊಳ್ಳಲಿ ಎಂದು ಬಿಟ್ಟುಬಿಡುವುದು ನಿಗೂಢತೆ ಅಲ್ಲ, ಬಾಕಿ ಉಳಿಸಿಕೊಂಡ ಕೆಲಸ.

ಇಂಥ ಬಾಕಿಗಳಿಗೆ ಟಿವಿ ಉದ್ಯಮದ ಲೆಕ್ಕಾಚಾರವೂ ಕಾರಣ. ಜನಪ್ರಿಯ ಧಾರಾವಾಹಿಯನ್ನು ಮುಗಿಸಲು ಯಾವ ವಾಹಿನಿಗೂ ಮನಸ್ಸಿರುವುದಿಲ್ಲ. ಎಳೆದೆಳೆದು ಸಾಗುವ ನಮ್ಮ ಮೆಗಾ ಧಾರಾವಾಹಿಗಳ ವೀಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಥೆ ಎಷ್ಟು ಉದ್ದ ಎಂದೇ ತಿಳಿಯದ ಲೇಖಕರು ಉತ್ತರಗಳನ್ನು ಮುಂದೂಡುತ್ತ ಹೋದರು. ಜಾಕ್‌ನ ಮೈಮೇಲಿನ ಹಚ್ಚೆಯ ಹಿನ್ನೆಲೆಗೇ ಒಂದು ಇಡೀ ಕಂತನ್ನು ವ್ಯಯಿಸುವ ಸ್ಥಿತಿ 2007ರ ಫೆಬ್ರುವರಿ ವೇಳೆಗೆ ಬಂದಿತ್ತು. ಅದೇ ವರ್ಷದ ಮೇ ತಿಂಗಳಿನಲ್ಲಿ, ಇನ್ನು 48 ಕಂತುಗಳಲ್ಲಿ, ಮೂರು ಸೀಸನ್‌ಗಳಲ್ಲಿ ಕಥೆ ಮುಗಿಯಲಿದೆ ಎಂದು ಎಬಿಸಿ ಘೋಷಿಸಿತು. ಯಶಸ್ವಿ ಧಾರಾವಾಹಿಯೊಂದಕ್ಕೆ ಮೂರು ವರ್ಷ ಮೊದಲೇ ಅಂತ್ಯ ನಿಗದಿಪಡಿಸಿದ್ದು ಅಂದಿಗೆ ಅಪರೂಪದ ನಿರ್ಧಾರ.

ವಿಶೇಷ ಶಕ್ತಿಯ ಬಾಲಕನೆಂದು ಬಿಂಬಿಸಲಾಗಿದ್ದ ವಾಲ್ಟ್ ಕಥೆಯಿಂದ ಮರೆಯಾಗಿದ್ದು ಇನ್ನೊಂದು ದೂರು. ಮೊದಲ ನಾಲ್ಕು ಸೀಸನ್‌ಗಳು ದ್ವೀಪದ ನೂರು ಚಿಲ್ಲರೆ ದಿನಗಳ ಕಥೆ. ಆ ಪಾತ್ರ ವಹಿಸಿದ್ದ ಹುಡುಗ ಮಾತ್ರ ಅಷ್ಟರಲ್ಲಿ ಎತ್ತರಕ್ಕೆ ಬೆಳೆದಿದ್ದ. ಬಹುಕಾಲ ಇದೊಂದೇ ಕಾರಣವೆಂದು ನಂಬಲಾಗಿತ್ತು. ಆದರೆ 2023ರಲ್ಲಿ ಪತ್ರಕರ್ತೆ ಮೊರೀನ್ ರಯಾನ್ ಪ್ರಕಟಿಸಿದ ‘ಬರ್ನ್ ಇಟ್ ಡೌನ್’ ಕೃತಿಯಲ್ಲಿ ವಾಲ್ಟ್‌ನ ತಂದೆಯ ಪಾತ್ರಧಾರಿ ಹೆರಾಲ್ಡ್ ಪೆರಿನೋ, ಬಿಳಿಯ ಪಾತ್ರಗಳಿಗಷ್ಟೇ ಕಥೆಯಲ್ಲಿ ಒತ್ತು ಸಿಗುತ್ತಿದೆ ಎಂದು ತಾವು ಆಕ್ಷೇಪಿಸಿದ್ದನ್ನೂ, ಅನಂತರ ಪಾತ್ರವೇ ಕೈತಪ್ಪಿದ್ದನ್ನೂ ಹೇಳಿಕೊಂಡರು. ತಂಡದ ಮುಖ್ಯಸ್ಥನಾಗಿ ತಾನು ವಿಫಲನಾಗಿದ್ದೆ ಎಂದು ಲಿಂಡೆಲಾಫ್ ಅದೇ ಕೃತಿಯಲ್ಲಿ ಒಪ್ಪಿಕೊಂಡರು. ಕಥೆಯ ತೂತುಗಳಿಗೆ ಕಥೆಯೊಳಗೇ ಕಾರಣ ಹುಡುಕುತ್ತಿದ್ದವರಿಗೆ ಇದು ಬೇರೆಯದೇ ಉತ್ತರ.

<b>ಅಸ್ಥಿಪಂಜರಗಳ ಸಾಕ್ಷ್ಯ</b>

ಮೊದಲ ಸೀಸನ್‌ನ ಆರನೇ ಕಂತಿನಲ್ಲಿ ಗುಹೆಯೊಂದರಲ್ಲಿ ಎರಡು ಅಸ್ಥಿಪಂಜರಗಳು ಸಿಗುತ್ತವೆ. ಬಟ್ಟೆ ಜೀರ್ಣವಾದ ರೀತಿ ಗಮನಿಸಿ, 40–50 ವರ್ಷ ಹಳೆಯವು ಎಂದು ವೈದ್ಯ ಜಾಕ್ ಅಂದಾಜಿಸುತ್ತಾನೆ. ಕಥೆಯನ್ನು ಮೊದಲೇ ಯೋಜಿಸಿದ್ದೆವು ಎಂಬುದಕ್ಕೆ ಈ ಅಸ್ಥಿಪಂಜರಗಳೇ ಸಾಕ್ಷಿಯಾಗಲಿವೆ ಎಂದು ನಿರ್ಮಾಪಕರು ಹೇಳಿಕೊಂಡಿದ್ದರು. 2010ರ ಮೇ 11ರಂದು, ಮುಕ್ತಾಯಕ್ಕೆ ಹನ್ನೆರಡು ದಿನ ಮೊದಲು, ಉತ್ತರ ಬಂತು: ಅವು ಜೇಕಬ್‌ನ ಅವಳಿ ಸೋದರನದು ಮತ್ತು ಅವರಿಬ್ಬರನ್ನು ಸಾಕಿದ ತಾಯಿಯದು. ಆದರೆ ಆ ಘಟನೆ ನಡೆದಿದ್ದು ಎಷ್ಟೋ ಶತಮಾನಗಳ ಹಿಂದೆ! ಜಾಕ್‌ನ ಅಂದಾಜು ತಪ್ಪಿರಬಹುದು ಎಂದು ಒಂದು ಪಕ್ಷ ಸಮಜಾಯಿಷಿ ನೀಡಿತು. ಸಾಕ್ಷ್ಯವೇ ನಿರ್ಮಾಪಕರ ವಿರುದ್ಧ ನುಡಿಯಿತು ಎಂದಿತು ಇನ್ನೊಂದು. ಎರಡನೆಯ ವಾದಕ್ಕೇ ಹೆಚ್ಚು ಬಲವಿದೆ.

ಇನ್ನು ‘ಎಲ್ಲರೂ ಸತ್ತಿದ್ದರು’ ಎಂಬ ವಾದ. ದ್ವೀಪವು ಪಾಪ ತೊಳೆಯುವ ಮರಣೋತ್ತರ ಲೋಕ ಎಂಬ ಊಹೆ ಮೊದಲ ಸೀಸನ್‌ನಲ್ಲೇ ಹುಟ್ಟಿತ್ತು. ನಿರ್ಮಾಪಕರು ಆಗಲೇ ನಿರಾಕರಿಸಿದ್ದರು. ಆರನೇ ಸೀಸನ್‌ನಲ್ಲಿ ವಿಮಾನ ಬೀಳದೇ ಸುರಕ್ಷಿತವಾಗಿ ಇಳಿದ ಸಮಾನಾಂತರ ಬದುಕೊಂದು ಕಾಣಿಸತೊಡಗಿತು. ಬಾಂಬ್ ಸಿಡಿಸಿ ಗತಕಾಲವನ್ನು ಬದಲಿಸಿದ್ದರ ಫಲ ಇದು ಎಂದೇ ಬಹುತೇಕರು ನಂಬಿದ್ದರು. ಕೊನೆಯ ಕಂತಿನಲ್ಲಿ ತಿಳಿದಿದ್ದು, ಆ ಸಮಾನಾಂತರ ಬದುಕು ಮಾತ್ರವೇ ಮರಣೋತ್ತರ ಲೋಕ ಎಂದು. ಜಾಕ್‌ನ ತಂದೆ ಮಗನಿಗೆ ಸ್ಪಷ್ಟವಾಗಿ ತಿಳಿಸುತ್ತಾನೆ: ದ್ವೀಪದಲ್ಲಿ ನಡೆದಿದ್ದೆಲ್ಲ ನಿಜ, ಕೆಲವರು ಅವನಿಗಿಂತ ಮೊದಲು ಸತ್ತರು, ಕೆಲವರು ಎಷ್ಟೋ ಕಾಲದ ಬಳಿಕ. ಈ ಮಾತುಕತೆ ನಡೆಯುವ ಚರ್ಚ್‌ನ ಬಣ್ಣದ ಗಾಜಿನ ಕಿಟಕಿಯಲ್ಲಿ ಶಿಲುಬೆಯ ಜತೆಗೆ ಓಂಕಾರ, ಧರ್ಮಚಕ್ರ, ಅರ್ಧಚಂದ್ರಗಳೂ ಇದ್ದವು.

ಇಷ್ಟು ಸ್ಪಷ್ಟವಿದ್ದರೂ ಗೊಂದಲ ಬೆಳೆಯಲು ಒಂದು ವಿಚಿತ್ರ ಕಾರಣವಿದೆ. ಜಾಕ್‌ನ ಕಣ್ಣು ಮುಚ್ಚಿದ ಬಳಿಕ, ಹೆಸರುಗಳು ಮೂಡುವಾಗ, ನಿರ್ಜನ ಕಡಲ ತೀರದಲ್ಲಿ ವಿಮಾನದ ಅವಶೇಷಗಳ ದೃಶ್ಯ ಪ್ರಸಾರವಾಯಿತು. ಬದುಕುಳಿದವರ ಸುಳಿವೇ ಅಲ್ಲಿರಲಿಲ್ಲ. ಹಾಗಾದರೆ ಯಾರೂ ಬದುಕಿರಲೇ ಇಲ್ಲ ಎಂದು ಹಲವರು ತೀರ್ಮಾನಿಸಿದರು. ಆ ದೃಶ್ಯ ಕಥೆಯ ಭಾಗವಲ್ಲ, ವೀಕ್ಷಕರು ಭಾವತೀವ್ರತೆಯಿಂದ ಹೊರಬಂದು ವಾರ್ತೆಗೆ ಸಜ್ಜಾಗಲೆಂದು ತಾನೇ ಸೇರಿಸಿದ್ದು ಎಂದು ಎಬಿಸಿ ಕೆಲವೇ ದಿನಗಳಲ್ಲಿ ಸ್ಪಷ್ಟನೆ ನೀಡಿತು. ಆದರೆ ಸುಮಾರು 1.35 ಕೋಟಿ ಜನ ಆ ರಾತ್ರಿ ಕಂತನ್ನು ನೋಡಿದ್ದರು. ಸ್ಪಷ್ಟನೆಯನ್ನು ಓದಿದವರು ಎಷ್ಟು ಮಂದಿ?

2010ರಲ್ಲೇ ಡಿವಿಡಿ ಜತೆ ಬಂದ ‘ದಿ ನ್ಯೂ ಮ್ಯಾನ್ ಇನ್ ಚಾರ್ಜ್’ ಎಂಬ ಸುಮಾರು ಹನ್ನೆರಡು ನಿಮಿಷಗಳ ಉಪಸಂಹಾರದಲ್ಲಿ ಕೆಲವು ಬಾಕಿಗಳನ್ನು ತೀರಿಸಲಾಯಿತು. ಗ್ವಾಮ್‌ನ ಧರ್ಮಾ ಗೋದಾಮಿನ ಇಬ್ಬರು ನೌಕರರ ಪ್ರಶ್ನೆಗಳಿಗೆ ಬೆನ್ ಉತ್ತರಿಸುತ್ತಾನೆ. ಹಿಮಕರಡಿ ಬಂದ ಬಗೆಯೂ, ಆಕಾಶದಿಂದ ಬೀಳುತ್ತಿದ್ದ ಆಹಾರದ ಮೂಟೆಗಳ ಮೂಲವೂ ಅಲ್ಲಿ ಬಯಲಾಗುತ್ತವೆ. ಬಳಿಕ ಬೆನ್ ಮಾನಸಿಕ ಆಸ್ಪತ್ರೆಯೊಂದಕ್ಕೆ ತೆರಳಿ, ಈಗ ಯುವಕನಾಗಿರುವ ವಾಲ್ಟ್‌ನನ್ನು ಕರೆದುಕೊಂಡು ಹೊರಡುತ್ತಾನೆ. ಹೊರಗೆ ವಾಹನದಲ್ಲಿ ಹರ್ಲಿ ಕಾಯುತ್ತಿರುತ್ತಾನೆ.