ಬಿದ್ದ ಸಾರಸವನ್ನು ಮತ್ತೆ ಹಾರಿಸಬೇಕೇ?



ನಮ್ಮ ಕೆಂಗೇರಿಯನ್ನು ದಾಟಿ, ಕುಂಬಳಗೋಡನ್ನು ಹಿಂದಿಕ್ಕಿ ಮೈಸೂರು ರಸ್ತೆಯಲ್ಲಿ ಬಿಡದಿಯತ್ತ ಸಾಗುವಾಗ ಶೇಷಗಿರಿಹಳ್ಳಿ ಎಂಬ ಊರಿನ ಸೀಮೆ ಬರುತ್ತದೆ. ಬಿಡದಿಯ ತಟ್ಟೆ ಇಡ್ಲಿಗಾಗಿ ಹೋಗುವವರೂ ಮೈಸೂರಿನ ದಸರೆಗೆ ಹೊರಟವರೂ ಆ ಊರನ್ನು ಗಮನಿಸದೆ ಮುಂದೆ ಸಾಗುವುದೇ ಹೆಚ್ಚು. 2009ರ ಮಾರ್ಚ್ 6ರ ಶುಕ್ರವಾರ ಮಧ್ಯಾಹ್ನ ಈ ಊರಿನ ಬಯಲಿನಲ್ಲಿ ಒಂದು ವಿಮಾನ ಬಿದ್ದು ಭಸ್ಮವಾಯಿತು. ಅದರ ಹೆಸರು ಸಾರಸ್. ಅದರೊಳಗಿದ್ದ ಮೂವರೂ ಮಡಿದರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ.

ಆ ದಿನದ ದುಃಖದ ಹಿಂದೆಯೇ ಒಂದು ಕಠಿಣ ಪ್ರಶ್ನೆ ಎದ್ದು ನಿಂತಿತು. ಬಹುಕಾಲ ಪ್ರೀತಿಯಿಂದ ಕಟ್ಟಿದ ವಾಹನವೊಂದು ಹೀಗೆ ಬಿದ್ದ ಮೇಲೆ ಅದರ ಕೆಲಸವನ್ನು ಮುಂದುವರಿಸಬೇಕೇ, ಇಲ್ಲವೇ ಕೈಮುಗಿದು ಬಿಟ್ಟುಬಿಡಬೇಕೇ? ಆ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಒಂಬತ್ತು ವರ್ಷಗಳು ಹಿಡಿದವು. ಆ ಒಂಬತ್ತು ವರ್ಷಗಳ ಚರಿತ್ರೆ ಪಠ್ಯಪುಸ್ತಕದಲ್ಲಿ ಬರುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡಬೇಕೆನಿಸಿತು.

ಮೊದಲು ವಿಮಾನದ ಜನ್ಮವೃತ್ತಾಂತ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಮ್ಮ ಬಾಯಲ್ಲಿ ಎನ್‌ಎಎಲ್, ಬೆಂಗಳೂರಿಗೆ ಬಂದ ಆರಂಭದ ದಿನಗಳಲ್ಲಿ ಮೈಸೂರು ಅರಸರ ಅರಮನೆಯ ಕುದುರೆಲಾಯದಲ್ಲಿ ಕೆಲಸ ನಡೆಸಿತು. ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ ವಿಮಾನದ ವಿದ್ಯೆ ಬೆಳೆಯಿತೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಬೇರೆ ಸಂಸ್ಥೆಗಳ ವಿಮಾನಗಳನ್ನು ಪರೀಕ್ಷಿಸುತ್ತಿದ್ದ ಈ ಪ್ರಯೋಗಾಲಯಕ್ಕೆ ತಾನೇ ಒಂದು ಪುಟ್ಟ ನಾಗರಿಕ ವಿಮಾನವನ್ನು ಮಾಡಬೇಕೆಂಬ ಹಂಬಲ ಬಲಿತದ್ದು 1984ರಿಂದ 1993ರವರೆಗೆ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರ ಕಾಲದಲ್ಲಿ. ಎರಡು ಆಸನಗಳ ಹಂಸ 1993ರಲ್ಲಿ ಹಾರಿತು. ಹಂಸದ ನಂತರದ ಹಕ್ಕಿಯೇ ಸಾರಸ್: ಹದಿನಾಲ್ಕು ಆಸನಗಳು, ಬಾಲದ ಕಡೆಗೆ ಎರಡು ಎಂಜಿನ್‌ಗಳು, ಮುಂದಿನಿಂದ ಎಳೆಯುವ ಬದಲು ಹಿಂದಿನಿಂದ ನೂಕುವ ಪಂಖಗಳು. ಸಣ್ಣ ಊರುಗಳನ್ನು ಜೋಡಿಸಲು, ರೋಗಿಗಳನ್ನು ಸಾಗಿಸಲು, ವಾಯುಪಡೆಯ ತರಬೇತಿಗೆ ಇದು ಒದಗುವುದೆಂದು ಆಶಿಸಿದ್ದರು.

ಹುಟ್ಟುವ ಮೊದಲೇ ಅದು ಕಂಡ ಕಷ್ಟಗಳು ಒಂದೆರಡಲ್ಲ. 1990ರ ದಶಕದ ಆರಂಭದಲ್ಲಿ ಜೊತೆಗೂಡಿದ್ದ ರಷ್ಯನ್ನರು ಹಣದ ಅಡಚಣೆಯಿಂದ ಹಿಂದೆ ಸರಿದರು. 1998ರ ಪೋಖರಣ್ ಅಣುಪರೀಕ್ಷೆಯ ಬಳಿಕ ಅಮೆರಿಕ ಹೇರಿದ ನಿರ್ಬಂಧಗಳಿಂದ ಕೆಲಸ ನಿಲ್ಲುವ ಸ್ಥಿತಿಗೆ ಬಂದಿತು. 1999ರ ಸೆಪ್ಟೆಂಬರಿನಲ್ಲಿ ಸರ್ಕಾರದ ಮಂಜೂರಾತಿ ದೊರೆತಾಗ, 2001ರ ಮಾರ್ಚ್ ವೇಳೆಗೆ ಹಾರಿಸುವ ಯೋಜನೆಯಿತ್ತು. ಮೊದಲ ಮಾದರಿ ನೆಲ ಬಿಟ್ಟದ್ದು 2004ರ ಮೇ 29ರಂದು. ಅದರ ತೂಕ ಉದ್ದೇಶಿಸಿದ್ದಕ್ಕಿಂತ ಸುಮಾರು 900 ಕಿಲೋಗ್ರಾಂ ಹೆಚ್ಚಾಗಿತ್ತು. ಆದ್ದರಿಂದ ಎರಡನೆಯ ಮಾದರಿಯಲ್ಲಿ ಹಗುರ ವಸ್ತುಗಳನ್ನು ಬಳಸಿ ಸುಮಾರು 400 ಕಿಲೋಗ್ರಾಂ ಇಳಿಸಿದರು. ಅದು 2007ರ ಏಪ್ರಿಲ್ 18ರಂದು ಹಾರಿತು. ಶೇಷಗಿರಿಹಳ್ಳಿಯಲ್ಲಿ ಬಿದ್ದದ್ದು ಈ ಹಗುರವಾದ, ಸುಧಾರಿಸಿದ ಎರಡನೆಯ ಮಾದರಿ. ಉಳಿದದ್ದು ಭಾರವಾದ, ಹಳೆಯ ಮೊದಲನೆಯದು.

ಇಲ್ಲಿ ನಮ್ಮ ಮನೆಯ ಒಂದು ಸಣ್ಣ ಪ್ರಸಂಗವನ್ನು ಹೇಳಿದರೆ ಬಂಧುಗಳು ಗುರುತಿಸಿಯಾರು. ನಮ್ಮ ಭಾವನವರ ಬಳಿ ಒಂದು ಬಜಾಜ್ ಚೇತಕ್ ಸ್ಕೂಟರ್ ಇತ್ತು. ಹಣ ಕಟ್ಟಿ ವರ್ಷಗಟ್ಟಲೆ ಸರದಿಗಾಗಿ ಕಾಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಮಾಗಡಿ ರಸ್ತೆಯಲ್ಲಿ ಲಾರಿಯೊಂದು ಅದನ್ನು ಪಕ್ಕಕ್ಕೆ ಉಜ್ಜಿ ಕೆಡವಿತು. ಭಾವನವರಿಗೆ ಮೊಣಕಾಲಿನ ಮೂಳೆ ಮುರಿಯಿತು, ಜೀವ ಉಳಿಯಿತು. ಗಾಡಿಯನ್ನು ಮಂಜುನಾಥನಗರದ ಮೆಕ್ಯಾನಿಕ್ ಒಬ್ಬರ ಅಂಗಡಿಗೆ ಸಾಗಿಸಿದೆವು. ನಾವು ಕೇಳಿದ್ದು, "ಎಷ್ಟು ಖರ್ಚಾಗುತ್ತೆ?" ಎಂದು. ಅವರು ಕೇಳಿದ್ದು, "ಯಾವ ಕಡೆಯಿಂದ ಹೊಡೆತ ಬಿತ್ತು ಸ್ವಾಮಿ?" ಎಂದು. ಬಳಿಕ ಒಂದು ದಾರ ತೆಗೆದು ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎಳೆದು ಹಿಡಿದರು. ದಾರ ನೇರವಾಗಿತ್ತು, ಚಕ್ರಗಳು ನೇರವಾಗಿರಲಿಲ್ಲ. "ಎಂಜಿನ್ ಚೆನ್ನಾಗಿದೆ. ಬಾಡಿಯೇ ತಿರುಚಿಕೊಂಡಿದೆ. ಬಣ್ಣ ಹೊಡೆದು ಕೊಡಬಲ್ಲೆ, ಓಡುತ್ತೆ, ಆದರೆ ನೇರ ಓಡಲ್ಲ" ಎಂದರು. ಚೇತಕ್‌ಗೆ ಬೇರೆ ಚಾಸಿಸ್ ಎಂಬುದಿಲ್ಲ. ತಗಡಿನ ಒಡಲೇ ಅದರ ಬೆನ್ನೆಲುಬು. ಅಕ್ಕ ಒಂದೇ ಮಾತು ಹೇಳಿದರು: "ಗಾಡಿ ಹೋದರೆ ಹೋಗಲಿ, ನೀವು ನಡೆದುಕೊಂಡೇ ಬನ್ನಿ." ಎಂಜಿನ್ ಬೇರೆ ಯಾರದೋ ಚೇತಕ್‌ಗೆ ಹೋಯಿತು, ಉಳಿದದ್ದು ಗುಜರಿಗೆ.

ವಿಮೆಯವರ ಲೆಕ್ಕ ಇದಕ್ಕಿಂತ ಸರಳ. ದುರಸ್ತಿಯ ವೆಚ್ಚವು ವಾಹನಕ್ಕೆ ವಿಮೆಯಲ್ಲಿ ನಮೂದಿಸಿದ ಮೌಲ್ಯದ ನೂರಕ್ಕೆ 75ನ್ನು ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ಅದು ಹಣದ ಗೆರೆ. ಮೆಕ್ಯಾನಿಕ್ಕಿನ ದಾರ ಎಳೆದದ್ದು ಬೇರೊಂದು ಗೆರೆಯನ್ನು. ವಾಹನ ಏಕೆ ಬಿತ್ತು, ಬಿದ್ದಾಗ ಅದರಲ್ಲಿ ಏನು ತಿರುಚಿಕೊಂಡಿತು, ಮುಂದೆ ಅದರ ಮೇಲೆ ಕೂರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವ ಮುನ್ನ ಹಣದ ಮಾತನ್ನು ಎತ್ತಬಾರದೆಂಬುದೇ ಅದರ ತಾತ್ಪರ್ಯ.

ಈ ಕ್ರಮವನ್ನು ಮೀರಿದರೆ ಏನಾಗುವುದೆಂಬುದಕ್ಕೆ ಜಗತ್ತಿನ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್ ವಿಮಾನವಾದ ಬ್ರಿಟನ್ನಿನ ಕಾಮೆಟ್ 1952ರಲ್ಲಿ ಸೇವೆಗೆ ಬಂದಿತು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಆಕಾಶದಲ್ಲಿಯೇ ಚೂರಾಯಿತು. 35 ಮಂದಿ ಸತ್ತರು. ವಿಮಾನಗಳನ್ನು ಇಳಿಸಿ, ಕಾರಣ ತಿಳಿಯದೆಯೇ ಇದಿರಬಹುದು ಅದಿರಬಹುದು ಎಂದು ಹತ್ತಾರು ಮಾರ್ಪಾಡುಗಳನ್ನು ಮಾಡಿ, ಮಾರ್ಚ್ ಕೊನೆಯಲ್ಲಿ ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ಇನ್ನೊಂದು ಕಾಮೆಟ್ ಹಾಗೆಯೇ ಚೂರಾಯಿತು. ಆಗ ಫಾರ್ನ್‌ಬರೋದಲ್ಲಿ ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಿ ಆಗುವಂತೆ ಒತ್ತಡವನ್ನು ಏರಿಸುತ್ತ ಇಳಿಸುತ್ತ ಪರೀಕ್ಷಿಸಿದರು. ಲೋಹ ದಣಿದು ಬಿರುಕು ಬಿಡುವುದು ಬೆಳಕಿಗೆ ಬಂದಿತು. ಹೊಸದಾಗಿ ರೂಪಿಸಿದ ಕಾಮೆಟ್ 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಸೇವೆ ಆರಂಭಿಸಿತು. ಕಾರಣ ತಿಳಿಯದ ದುರಸ್ತಿ ಇನ್ನಷ್ಟು ಜೀವಗಳನ್ನು ತೆಗೆದುಕೊಂಡಿತು, ಕಾರಣ ತಿಳಿದ ದುರಸ್ತಿ ಮಾತ್ರ ಉಳಿಯಿತು.

ನಮ್ಮ ಬೆಂಗಳೂರಿಗೂ ಈ ವಿಷಯ ಹೊಸದಲ್ಲ. 1961ರ ಜೂನ್ 17ರಂದು ಇಲ್ಲಿಯೇ ಮೊದಲು ಹಾರಿದ ಮಾರುತ್ ಯುದ್ಧವಿಮಾನವನ್ನು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಅದೇ ವಿಮಾನದ ಹೆಚ್ಚು ಶಕ್ತಿಯ ಹೊಸ ರೂಪವನ್ನು ಪರೀಕ್ಷಿಸುವಾಗ ಅವರು ತೀರಿಕೊಂಡರು. ಆ ಹೊಸ ರೂಪವನ್ನು ಕೈಬಿಟ್ಟರು. ಮೂಲ ಮಾರುತ್ ಸೇವೆಯಲ್ಲಿ ಮುಂದುವರಿದು 1971ರ ಯುದ್ಧದಲ್ಲಿ ಹೋರಾಡಿತು. ಎಚ್‌ಎಎಲ್ ಬಳಿಯ ರಸ್ತೆಗೆ ಸುರಂಜನ್ ದಾಸ್ ಎಂಬ ಹೆಸರು ಉಳಿದಿದೆ. ಆ ಹೆಸರು ಯಾರದೆಂದು ದಿನವೂ ಅಲ್ಲಿ ಓಡಾಡುವವರಿಗೆ ತಿಳಿದಿರಲೆಂಬುದು ನನ್ನ ಆಸೆ. ಇನ್ನು 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಏರ್‌ಬಸ್ 320 ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುವ ಮುನ್ನವೇ ನೆಲಕ್ಕಪ್ಪಳಿಸಿ 92 ಮಂದಿ ಸತ್ತದ್ದನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರರು. ಆ ಬಗೆಯ ವಿಮಾನಗಳ ಹಾರಾಟವನ್ನು ಸರ್ಕಾರ ನಿಲ್ಲಿಸಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ ನಡೆಯಿತು. ಅವು ಮತ್ತೆ ಹಾರಿದವು, ಇಂದು ನಮ್ಮ ಮಕ್ಕಳು ಮೊಮ್ಮಕ್ಕಳು ಅವುಗಳಲ್ಲಿಯೇ ಓಡಾಡುತ್ತಿದ್ದಾರೆ.

ಸಾರಸ್‌ನ ವಿಷಯಕ್ಕೆ ಮರಳೋಣ. ಅಂದು ನಡೆಯುತ್ತಿದ್ದುದು ಒಂದು ಪರೀಕ್ಷೆ. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ಕೆಟ್ಟರೆ ಇನ್ನೊಂದರಿಂದ ಹಾರಬೇಕು, ಕೆಟ್ಟದ್ದನ್ನು ಆಕಾಶದಲ್ಲಿಯೇ ಮತ್ತೆ ಹೊತ್ತಿಸಲು ಸಾಧ್ಯವಾಗಬೇಕು. ಅದನ್ನು ಪರೀಕ್ಷಿಸಲು ಬೇಕೆಂದೇ ಒಂದು ಎಂಜಿನ್ನನ್ನು ಆರಿಸಿ ಮತ್ತೆ ಹೊತ್ತಿಸುತ್ತಾರೆ. ಆ ಹೊತ್ತಿನಲ್ಲಿ ಪಂಖದ ಅಲಗುಗಳ ಓರೆ ಸರಿಯಾಗಿರದಿದ್ದರೆ ಅವು ಗಾಳಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತವೆ, ವಿಮಾನ ಆ ಕಡೆಗೆ ತಿರುಚಿಕೊಂಡು ವೇಗವಾಗಿ ಕೆಳಗಿಳಿಯುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಹೇಳಿದ್ದು ಇಷ್ಟು: ಎಂಜಿನ್ ಹೊತ್ತಿಸಲು ವಿನ್ಯಾಸಕಾರರು ರೂಪಿಸಿದ್ದ ವಿಧಾನ ಸರಿಯಾಗಿರಲಿಲ್ಲ, ಅದನ್ನು ಅನುಸರಿಸಿದಾಗ ಇದ್ದ ಎತ್ತರವೂ ಸಾಲದಾಗಿತ್ತು. ಆ ವಿಧಾನವನ್ನು ರೂಪಿಸುವಾಗ ಪಂಖವನ್ನು ತಯಾರಿಸಿದವರನ್ನು ಕೇಳಿರಲಿಲ್ಲವೆಂಬುದನ್ನೂ ತನಿಖೆ ಗುರುತಿಸಿತು.

ಮೆಕ್ಯಾನಿಕ್ಕಿನ ಭಾಷೆಯಲ್ಲಿ ಹೇಳುವುದಾದರೆ ದಾರ ಎಳೆದು ನೋಡಿದಾಗ ಬಾಗಿದ್ದು ವಿಮಾನದ ಬೆನ್ನೆಲುಬಿಗಿಂತ ಹೆಚ್ಚಾಗಿ ಕೆಲಸದ ಕ್ರಮ. ಇದು ಸಮಾಧಾನದ ಮಾತಲ್ಲ. ಕಾಗದದ ಮೇಲೆ ಬರೆದ ಒಂದು ವಿಧಾನದ ತಪ್ಪಿಗೆ ಮೂರು ಮನೆಗಳು ಬೆಲೆ ತೆತ್ತವು. ಆದರೆ ಕ್ರಮದ ತಪ್ಪನ್ನು ತಿದ್ದಬಹುದಾದ್ದರಿಂದ ಮುಂದುವರಿಸುವವರಿಗೆ ಒಂದು ಆಧಾರ ದೊರೆಯಿತು.

ಬೇಡವೆಂದವರ ವಾದವೂ ಹಗುರವಾದುದಲ್ಲ. ತೂಕ ಹೆಚ್ಚು, ಕಾಲ ಮೀರಿದೆ, ಸಾರ್ವಜನಿಕರ ಹಣ ಕರಗುತ್ತಿದೆ. ಇಂತಹ ವಿಮಾನವನ್ನು ಹೊರಗಿನಿಂದ ಕೊಳ್ಳಬಹುದಲ್ಲ ಎಂಬುದು ಅವರ ಪ್ರಶ್ನೆ. 2013ರ ಕೊನೆಯ ವೇಳೆಗೆ ಹಣ ನಿಂತಿತು, ಕ್ರಮೇಣ ಕೆಲಸವೂ ನಿಂತಿತು. ಹಳೆಯ ಮೊದಲ ಮಾದರಿ ಮನೆಯ ಮುಂದೆ ಮುಸುಕು ಹೊದಿಸಿದ ಸ್ಕೂಟರಿನಂತೆ ನಿಂತೇ ಇತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ದಿನಗಳಲ್ಲಿ ಕೇಳಿದ: "ಮೇಷ್ಟ್ರೇ, ಮೂರು ಜನರನ್ನು ಕಳೆದುಕೊಂಡ ಮೇಲೂ ಮತ್ತೆ ಒಬ್ಬರನ್ನು ಅದರಲ್ಲಿ ಕೂರಿಸುವುದು ಧರ್ಮವೇ?" ನಾನು ಹೇಳಿದೆ: ಕಾರಣ ಅರಿಯದೆ ಕೂರಿಸಿದರೆ ಅಧರ್ಮ. ಕಾರಣ ಅರಿತು, ತಿದ್ದಿ, ಕೂರುವವರಿಗೆ ಎಲ್ಲವನ್ನೂ ತಿಳಿಸಿ, ಅವರು ಒಪ್ಪಿದ ಮೇಲೆ ಕೂರಿಸಿದರೆ ಅದು ಬೇರೆ ಮಾತು.

ಕೊನೆಗೆ ಆದದ್ದು ಹೆಚ್ಚುಕಡಿಮೆ ಹಾಗೆಯೇ. ಯೋಜನೆಗೆ ಮತ್ತೆ ಜೀವ ಬಂದು, ನಿಂತಿದ್ದ ಹಳೆಯ ಮಾದರಿಯನ್ನೇ ಬಿಚ್ಚಿ ಸುಧಾರಿಸಿದರು. ಮೊದಲಿದ್ದ 850 ಅಶ್ವಶಕ್ತಿಯ ಎಂಜಿನ್‌ಗಳ ಬದಲು 1200 ಅಶ್ವಶಕ್ತಿಯವು ಬಂದವು, ಪಂಖಗಳೂ ಬದಲಾದವು. 2018ರ ಜನವರಿ 24ರಂದು ಅದು ಎಚ್‌ಎಎಲ್ ನಿಲ್ದಾಣದಿಂದ ಏರಿ ಸುಮಾರು 40 ನಿಮಿಷ ಹಾರಿ ಕ್ಷೇಮವಾಗಿ ಇಳಿಯಿತು. ಫೆಬ್ರವರಿ 21ರಂದು ಎರಡನೆಯ ಬಾರಿ ಹಾರಿತು. ಹಾರಿಸಿದವರು ವಾಯುಪಡೆಯ ಪರೀಕ್ಷಾ ವಿಭಾಗದವರೇ, ಅಂದರೆ ಮಡಿದ ಮೂವರ ಬಳಗದವರು. ಈ ಸಂಗತಿ ನನ್ನ ಮನಸ್ಸನ್ನು ಬಹಳ ತಟ್ಟಿತು. ಆ ಬಳಿಕ ಭಾರ ಕಡಿಮೆ ಮಾಡಿದ, ಹತ್ತೊಂಬತ್ತು ಆಸನಗಳ ಮಾರ್ಕ್ 2 ರೂಪದ ಕೆಲಸವನ್ನು ಕೈಗೆತ್ತಿಕೊಂಡರು.

ನಮ್ಮ ಭಾವನವರ ಚೇತಕ್ ಗುಜರಿಗೆ ಹೋದದ್ದೂ ಸರಿ, ಸಾರಸ್ ಮತ್ತೆ ಹಾರಿದ್ದೂ ಸರಿ ಎಂದೇ ನನ್ನ ಅಭಿಪ್ರಾಯ. ಎರಡು ಕಡೆಯೂ ಪ್ರೀತಿ ಇತ್ತು, ಆದರೆ ತೀರ್ಮಾನವನ್ನು ಪ್ರೀತಿಯೊಂದಕ್ಕೇ ಬಿಡಲಿಲ್ಲ. ನಿಮ್ಮಲ್ಲಿ ಹಲವರು ಪೀಣ್ಯ, ರಾಜಾಜಿನಗರಗಳ ಕಾರ್ಖಾನೆಗಳಲ್ಲಿ ದುಡಿದವರು, ಕೆಲವರು ಈಗ ನಿರ್ಧಾರ ಮಾಡುವ ಸ್ಥಾನದಲ್ಲಿ ಇದ್ದೀರಿ. ಕೆಟ್ಟ ಯಂತ್ರವೊಂದು ನಿಮ್ಮ ಮುಂದೆ ಬಂದು ನಿಂತಾಗ ಮೊದಲು ಏಕೆ ಕೆಟ್ಟಿತೆಂದು ಕೇಳಿ, ವೆಚ್ಚ ಎಷ್ಟೆಂಬುದನ್ನು ಅನಂತರ ಕೇಳಿ. ಮುಂದಿನ ಸಲ ಮೈಸೂರು ರಸ್ತೆಯಲ್ಲಿ ಶೇಷಗಿರಿಹಳ್ಳಿಯ ಫಲಕ ಕಂಡಾಗ, ಜೊತೆಗಿರುವ ಮಕ್ಕಳಿಗೆ ಆ ಮೂರು ಹೆಸರುಗಳನ್ನು ಹೇಳಿ: ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ, ಇಳಯರಾಜ.