ಕ್ರಿಶ್ಚಿಯನ್ ಎಂದರೆ ಯಾರು? ಒಂದು ಇಂಗ್ಲಿಷ್ ಪದದ ಹುಟ್ಟು, ಅರ್ಥ ಮತ್ತು ಬಳಕೆ

ಶಾಲಾ ದಾಖಲಾತಿಯಿಂದ ಹಿಡಿದು ಮದುವೆ ನೋಂದಣಿವರೆಗೆ ಅರ್ಜಿಗಳ 'ಧರ್ಮ' ಕಾಲಂನಲ್ಲಿ ಕಾಣುವ ಪದ 'ಕ್ರಿಶ್ಚಿಯನ್'. ಏಸು ಕ್ರಿಸ್ತನನ್ನು ನಂಬುವವರು ಎಂಬುದು ಇದರ ನೇರ ಅರ್ಥ. ಆದರೆ ಇಂಗ್ಲಿಷ್‌ನಲ್ಲಿ ಇದೇ ಪದ ಧರ್ಮದ ಹೆಸರಾಗಿ, ವ್ಯಕ್ತಿಯ ಹೆಸರಾಗಿ, ಒಳ್ಳೆಯತನವನ್ನು ಹೊಗಳುವ ಗುಣವಾಚಕವಾಗಿ, ಒಂದು ಕಾಲದಲ್ಲಿ 'ಮನುಷ್ಯ' ಎಂಬ ಅರ್ಥದಲ್ಲಿಯೂ ಬಳಕೆಯಾಗಿದೆ. ಭಾರತದ ಕಾನೂನುಗಳಲ್ಲಿ ಈ ಪದದ ವ್ಯಾಖ್ಯಾನದ ಮೇಲೆ ಆಸ್ತಿ, ಮದುವೆ, ಮೀಸಲಾತಿ ಹಕ್ಕುಗಳು ನಿಂತಿವೆ. ಈ ಪದ ಬಂದದ್ದು ಎಲ್ಲಿಂದ, ಎಲ್ಲಿ ಹೇಗೆ ಬಳಸಬೇಕು? ಇಲ್ಲಿದೆ ವಿವರ.

ಪದ ಹುಟ್ಟಿದ್ದು ಹೇಗೆ?

'ಕ್ರಿಸ್ತ' ಎಂಬುದು ಏಸುವಿನ ಮನೆತನದ ಹೆಸರಲ್ಲ, ಅದೊಂದು ಬಿರುದು. ಹೀಬ್ರೂ ಭಾಷೆಯಲ್ಲಿ 'ಮಾಷಿಯಾಖ್' ಎಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು, ಅಂದರೆ ಅಭಿಷಿಕ್ತ. ಹಳೆಯ ಇಸ್ರೇಲಿನಲ್ಲಿ ರಾಜರಿಗೆ ಮತ್ತು ಯಾಜಕರಿಗೆ ಹೀಗೆ ಅಭಿಷೇಕ ಮಾಡುವ ರೂಢಿ ಇತ್ತು. ಕನ್ನಡದ 'ಮೆಸ್ಸೀಯ' ಪದದ ಮೂಲವೂ ಇದೇ. ಇದನ್ನು ಗ್ರೀಕ್ ಭಾಷೆಗೆ ತಂದಾಗ ಆದದ್ದು 'ಕ್ರಿಸ್ತೋಸ್'.

ಈ ಗ್ರೀಕ್ ಪದಕ್ಕೆ ಲ್ಯಾಟಿನ್ ಮಾದರಿಯ 'ಇಯಾನುಸ್' ಎಂಬ ಪ್ರತ್ಯಯ ಸೇರಿ 'ಕ್ರಿಸ್ತಿಯಾನೋಸ್' ಆಯಿತು. ರೋಮನ್ನರು ಒಬ್ಬ ನಾಯಕನ ಕಡೆಯವರನ್ನು ಗುರುತಿಸಲು ಈ ಪ್ರತ್ಯಯವನ್ನು ಬಳಸುತ್ತಿದ್ದರು. ಪಾಂಪೆಯ ಪಕ್ಷದವರು ಪಾಂಪೆಯಾನಿ, ಹೆರೋದನ ಕಡೆಯವರು ಹೆರೋದಿಯನ್ನರು. ಅದೇ ರೀತಿ ಕ್ರಿಸ್ತನ ಕಡೆಯವರು ಕ್ರಿಶ್ಚಿಯನ್ನರು.

ಈ ಹೆಸರು ಮೊದಲು ಬಳಕೆಯಾದದ್ದು ಅಂತಿಯೋಕ್ಯ ನಗರದಲ್ಲಿ ಎನ್ನುತ್ತದೆ ಬೈಬಲ್‌ನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 11ನೇ ಅಧ್ಯಾಯ. ಅಂದಿನ ಅಂತಿಯೋಕ್ಯವೇ ಇಂದಿನ ಟರ್ಕಿಯ ಅಂತಾಕ್ಯ. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಕೇವಲ 3 ಬಾರಿ: ಇದೇ ಪುಸ್ತಕದ 11 ಮತ್ತು 26ನೇ ಅಧ್ಯಾಯಗಳಲ್ಲಿ, ಹಾಗೂ ಪೇತ್ರನ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ. ಅಂತಿಯೋಕ್ಯದಲ್ಲಿ ಶಿಷ್ಯರು 'ಕರೆಯಲ್ಪಟ್ಟರು' ಎಂದು ಅಲ್ಲಿದೆಯೇ ಹೊರತು ತಮ್ಮನ್ನು ತಾವೇ ಹಾಗೆ ಕರೆದುಕೊಂಡರು ಎಂದಿಲ್ಲ. ಹೀಗಾಗಿ ಇದು ಹೊರಗಿನವರು ಇಟ್ಟ ಹೆಸರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಆರಂಭದ ಅನುಯಾಯಿಗಳು ತಮ್ಮನ್ನು ಶಿಷ್ಯರು, ಸಹೋದರರು, 'ಮಾರ್ಗದವರು' ಎಂದು ಗುರುತಿಸಿಕೊಳ್ಳುತ್ತಿದ್ದರು. ವಿರೋಧಿಗಳು ಅವರನ್ನು 'ನಜರೇನರು' ಎಂದೂ ಕರೆದದ್ದುಂಟು.

ಹೆಸರೇ ಅಪರಾಧವಾಗಿದ್ದ ಕಾಲ

ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಎಂಬ ರೋಮನ್ ಅಧಿಕಾರಿ ಇಂದಿನ ಉತ್ತರ ಟರ್ಕಿಯ ಬಿಥಿನಿಯಾ-ಪಾಂಟಸ್ ಪ್ರಾಂತ್ಯದ ರಾಜ್ಯಪಾಲನಾಗಿದ್ದ. ಕ್ರಿಶ್ಚಿಯನ್ನರು ಎಂಬ ಆರೋಪ ಹೊತ್ತವರು ಅವನ ಮುಂದೆ ಬರತೊಡಗಿದಾಗ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು ಸಲಹೆ ಕೇಳಿದ. ಬೇರಾವ ಅಪರಾಧ ಮಾಡದಿದ್ದರೂ ಆ ಹೆಸರಿಗಾಗಿಯೇ ಶಿಕ್ಷಿಸಬೇಕೇ ಎಂಬುದು ಅವನ ಪ್ರಶ್ನೆಗಳಲ್ಲಿ ಒಂದು. ಆರೋಪಿಗಳಿಗೆ 'ನೀನು ಕ್ರಿಶ್ಚಿಯನ್ನನೇ?' ಎಂದು 3 ಬಾರಿ ಕೇಳಿ, ಹೌದೆಂದೇ ಹಟ ಹಿಡಿದವರಿಗೆ ಮರಣದಂಡನೆ ವಿಧಿಸಿದ್ದಾಗಿ ಅವನು ಬರೆದಿದ್ದಾನೆ. ಅವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರುಗಳನ್ನು ಸ್ವೀಕರಿಸಬೇಡ, ಆದರೆ ಆರೋಪ ಸಾಬೀತಾದರೆ ಶಿಕ್ಷಿಸು ಎಂಬುದು ಚಕ್ರವರ್ತಿಯ ಉತ್ತರ. ಒಂದು ಪದಕ್ಕೆ 'ಹೌದು' ಅಥವಾ 'ಅಲ್ಲ' ಎನ್ನುವುದರ ಮೇಲೆ ಜೀವವೇ ನಿಂತಿತ್ತು.

ಇಂಗ್ಲಿಷ್‌ಗೆ ಬಂದದ್ದು ಯಾವಾಗ?

ಹಳೆಯ ಇಂಗ್ಲಿಷ್‌ನಲ್ಲಿ ಈ ಪದದ ರೂಪ 'ಕ್ರಿಸ್ಟೆನ್'. ಲ್ಯಾಟಿನ್ ಮೂಲಕ್ಕೆ ಹತ್ತಿರವಾದ 'ಕ್ರಿಶ್ಚಿಯನ್' ರೂಪ 16ನೇ ಶತಮಾನದಲ್ಲಿ ಅದರ ಜಾಗವನ್ನು ಹಿಡಿಯಿತು. ಹಳೆಯ ರೂಪ ಪೂರ್ತಿ ಮಾಯವಾಗಲಿಲ್ಲ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿ ಹೆಸರಿಡುವುದಕ್ಕೆ ಇಂಗ್ಲಿಷ್‌ನಲ್ಲಿ ಇಂದಿಗೂ 'ಕ್ರಿಸನ್' ಎಂಬ ಕ್ರಿಯಾಪದವಿದೆ. ಹಡಗಿಗೆ ಹೆಸರಿಟ್ಟು ನೀರಿಗಿಳಿಸುವಾಗಲೂ ಇದೇ ಪದ.

'ಕ್ರಿಶ್ಚಿಯನ್ ನೇಮ್' ಎಂಬ ಬಳಕೆ ಬಂದದ್ದೂ ಇಲ್ಲಿಂದಲೇ. ದೀಕ್ಷಾಸ್ನಾನದ ಸಮಯದಲ್ಲಿ ಇಡುವ ಹೆಸರು ಎಂಬ ಅರ್ಥದಿಂದ, ಮನೆತನದ ಹೆಸರಿಗೆ ಮೊದಲು ಬರುವ ಹೆಸರು ಎಂಬ ಅರ್ಥ ಬೆಳೆಯಿತು. ಹಳೆಯ ಇಂಗ್ಲಿಷ್ ಕಾದಂಬರಿ ಓದುವವರಿಗೆ ಇದು ಪರಿಚಿತ. ಎಲ್ಲ ಧರ್ಮದವರೂ ತುಂಬುವ ಅರ್ಜಿಗಳಿಗೆ ಈ ಮಾತು ಹೊಂದುವುದಿಲ್ಲ. ಅದಕ್ಕಾಗಿ ಈಗ 'ಫಸ್ಟ್ ನೇಮ್', 'ಗಿವನ್ ನೇಮ್' ಎಂದು ಬಳಸುತ್ತಾರೆ. ಭಾರತದ ಪಾಸ್‌ಪೋರ್ಟ್‌ನಲ್ಲಿ ಇರುವುದೂ 'ಗಿವನ್ ನೇಮ್'.

'ಮನುಷ್ಯ' ಎಂಬ ಅರ್ಥವೂ ಇತ್ತು

ಯುರೋಪಿನ ಬಹುತೇಕರು ಒಂದೇ ಧರ್ಮದವರಾಗಿದ್ದ ಕಾಲದಲ್ಲಿ 'ಕ್ರಿಶ್ಚಿಯನ್' ಎಂದರೆ 'ಪ್ರಾಣಿಯಲ್ಲ, ಮನುಷ್ಯ' ಎಂಬ ಆಡುಮಾತಿನ ಅರ್ಥವೂ ಇತ್ತು. ಶೇಕ್ಸ್‌ಪಿಯರ್‌ನ ನಾಟಕಗಳಲ್ಲೂ ಈ ಬಳಕೆ ಸಿಗುತ್ತದೆ. ಇಂಗ್ಲಿಷ್‌ನಲ್ಲಿ ಇಂದು ಬೈಗುಳವಾಗಿರುವ 'ಕ್ರೆಟಿನ್' ಪದದ ಕಥೆ ಇದಕ್ಕೆ ಸಂಬಂಧಿಸಿದ್ದು. ಆಲ್ಪ್ಸ್ ಪರ್ವತ ಪ್ರದೇಶದಲ್ಲಿ ಅಯೋಡಿನ್ ಕೊರತೆಯಿಂದ ದೇಹ ಮತ್ತು ಬುದ್ಧಿಯ ಬೆಳವಣಿಗೆ ಕುಂಠಿತವಾದವರನ್ನು ಅಲ್ಲಿನ ಫ್ರೆಂಚ್ ಆಡುಭಾಷೆಯಲ್ಲಿ 'ಕ್ರಿಶ್ಚಿಯನ್' ಎಂಬ ಅರ್ಥದ ಪದದಿಂದ ಕರೆಯುತ್ತಿದ್ದರು. ಇವರೂ ನಮ್ಮಂತೆ ಮನುಷ್ಯರೇ ಎಂಬ ಕರುಣೆ ಅದರ ಹಿಂದೆ ಇತ್ತು ಎಂದು ಹೆಚ್ಚಿನ ನಿಘಂಟುಗಳು ವಿವರಿಸುತ್ತವೆ. ಕರುಣೆಯ ಪದ ಕೊನೆಗೆ ಬೈಗುಳವಾಯಿತು.

ಹೊಗಳಿಕೆಯ ಪದವಾಗಿ

ದಯೆ, ಕ್ಷಮೆ, ಔದಾರ್ಯ ತೋರಿದವರನ್ನು 'ಇದು ನಿಜಕ್ಕೂ ಕ್ರಿಶ್ಚಿಯನ್ ನಡವಳಿಕೆ' ಎಂದು ಹೊಗಳುವುದು ಇಂಗ್ಲಿಷ್‌ನಲ್ಲಿ ಬಹುಕಾಲದ ರೂಢಿ. 'ಅನ್‌ಕ್ರಿಶ್ಚಿಯನ್' ಎಂದರೆ ನಿರ್ದಯ, ಅನುಚಿತ. ಈ ಬಳಕೆಯಲ್ಲಿ ಎರಡು ತೊಡಕುಗಳಿವೆ. ಒಳ್ಳೆಯತನ ಒಂದೇ ಧರ್ಮದ ಸೊತ್ತು ಎಂಬ ಧ್ವನಿ ಇದರಲ್ಲಿದೆ ಎಂಬುದು ಮೊದಲನೆಯದು. ಎರಡನೆಯದನ್ನು ಎತ್ತಿದವರು ಸ್ವತಃ ಕ್ರೈಸ್ತ ಲೇಖಕರಾದ ಸಿ.ಎಸ್. ಲೂಯಿಸ್. 1952ರಲ್ಲಿ ಪ್ರಕಟವಾದ 'ಮಿಯರ್ ಕ್ರಿಶ್ಚಿಯಾನಿಟಿ' ಪುಸ್ತಕದ ಮುನ್ನುಡಿಯಲ್ಲಿ ಅವರು 'ಜಂಟಲ್‌ಮನ್' ಪದದ ಉದಾಹರಣೆ ಕೊಡುತ್ತಾರೆ. ಹಿಂದೆ ಜಂಟಲ್‌ಮನ್ ಎಂದರೆ ಜಮೀನು ಮತ್ತು ವಂಶಲಾಂಛನ ಉಳ್ಳವನು ಎಂಬ ಖಚಿತ ಅರ್ಥವಿತ್ತು. ಸಭ್ಯನೇ ನಿಜವಾದ ಜಂಟಲ್‌ಮನ್ ಎನ್ನತೊಡಗಿದ ಮೇಲೆ ಅದು ಬರೀ ಹೊಗಳಿಕೆಯಾಯಿತು, ಮಾಹಿತಿ ಕೊಡುವ ಶಕ್ತಿ ಕಳೆದುಕೊಂಡಿತು. 'ಕ್ರಿಶ್ಚಿಯನ್' ಪದಕ್ಕೂ ಇದೇ ಗತಿ ಬರಬಾರದು ಎಂಬುದು ಅವರ ವಾದ.

ಅಮೆರಿಕದಲ್ಲೊಂದು ಅರ್ಥ, ಯುರೋಪಿನಲ್ಲೊಂದು

ಅಮೆರಿಕದಲ್ಲಿ 'ಕ್ರಿಶ್ಚಿಯನ್ ಮ್ಯೂಸಿಕ್', 'ಕ್ರಿಶ್ಚಿಯನ್ ಬುಕ್‌ಸ್ಟೋರ್' ಎಂದಾಗ ಹೆಚ್ಚಾಗಿ ಇವಾಂಜೆಲಿಕಲ್ ಪ್ರೊಟೆಸ್ಟೆಂಟ್ ವಲಯದ ಸಂಗೀತ, ಪುಸ್ತಕಗಳು ಎಂದೇ ಅರ್ಥ. 'ಬಾರ್ನ್ ಅಗೇನ್ ಕ್ರಿಶ್ಚಿಯನ್' ಎಂಬುದು 1976ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಿಮ್ಮಿ ಕಾರ್ಟರ್ ಅವರಿಂದಾಗಿ ಮನೆಮಾತಾಯಿತು. ಹುಟ್ಟಿನಿಂದ ಬಂದ ಗುರುತಲ್ಲ, ದೊಡ್ಡವರಾದ ಮೇಲೆ ತಾವೇ ಕಂಡುಕೊಂಡ ನಂಬಿಕೆ ಎಂಬುದು ಇದರ ತಿರುಳು.

ಯುರೋಪಿನಲ್ಲಿ ಇದಕ್ಕೆ ವಿರುದ್ಧ ಬಳಕೆಯೂ ಇದೆ. ನಾಸ್ತಿಕವಾದದ ಪ್ರಮುಖ ಪ್ರತಿಪಾದಕ, ವಿಜ್ಞಾನಿ ರಿಚರ್ಡ್ ಡಾಕಿನ್ಸ್ ತಮ್ಮನ್ನು 'ಕಲ್ಚರಲ್ ಕ್ರಿಶ್ಚಿಯನ್' ಎಂದು ಕರೆದುಕೊಂಡಿದ್ದಾರೆ. ನಂಬಿಕೆ ಇಲ್ಲ, ಆದರೆ ಆ ಸಂಸ್ಕೃತಿಯಲ್ಲಿ ಬೆಳೆದವನು ಎಂಬುದು ಇದರ ಅರ್ಥ. ಜರ್ಮನಿಯ ಪ್ರಮುಖ ಪಕ್ಷವಾದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್‌ನ ಹೆಸರಿನಲ್ಲೂ ಈ ಪದವಿದೆ. 1844ರಲ್ಲಿ ಲಂಡನ್‌ನಲ್ಲಿ ಆರಂಭವಾದ ವೈಎಂಸಿಎ ಹೆಸರಿನ 'ಸಿ' ಅಕ್ಷರವೂ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಮೊದಲ 'ಸಿ' ಅಕ್ಷರವೂ ಇದೇ. ಅಲ್ಲಿ ಅದು ಸ್ಥಾಪಕರ ಪ್ರೇರಣೆಯನ್ನು ಹೇಳುತ್ತದೆ, ಅಲ್ಲಿಗೆ ಬರುವವರ ಧರ್ಮವನ್ನಲ್ಲ.

'ಕ್ರಿಶ್ಚಿಯನ್ ಅಲ್ಲ, ಕ್ಯಾಥೊಲಿಕ್' ಎಂಬ ಮಾತು ಸರಿಯೇ?

ಮುಂಬೈ, ಮಂಗಳೂರು ಕಡೆ ಈ ಮಾತು ಕೇಳಿಬರುತ್ತದೆ. ಇಂಗ್ಲಿಷ್ ನಿಘಂಟುಗಳ ಪ್ರಕಾರ ಇದು ಸರಿಯಲ್ಲ. 'ಕ್ರಿಶ್ಚಿಯನ್' ದೊಡ್ಡ ಕೊಡೆ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಎಲ್ಲರೂ ಅದರಡಿಯವರೇ. ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಸೇರಿ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಕೂಡ ಇದರೊಳಗೇ ಬರುತ್ತದೆ.

ವಿವಾದ ಇರುವುದು ಅಂಚಿನಲ್ಲಿ. ಮಾರ್ಮನ್ನರು ಮತ್ತು ಯೆಹೋವನ ಸಾಕ್ಷಿಗಳು ತಾವು ಕ್ರಿಶ್ಚಿಯನ್ನರು ಎನ್ನುತ್ತಾರೆ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ಸಾಂಪ್ರದಾಯಿಕ ಸಿದ್ಧಾಂತವನ್ನು ಒಪ್ಪದ ಕಾರಣ ಹಲವು ಸಭೆಗಳು ಅದನ್ನು ಒಪ್ಪುವುದಿಲ್ಲ. ಸುದ್ದಿ ಬರವಣಿಗೆಯಲ್ಲಿ ಅವರ ಸ್ವಂತ ಗುರುತನ್ನು ಹೇಳಿ, ಭಿನ್ನಾಭಿಪ್ರಾಯವನ್ನು ಪ್ರತ್ಯೇಕವಾಗಿ ತಿಳಿಸುವುದು ಸೂಕ್ತ.

ಭಾರತದ ಕಾನೂನು ಏನು ಹೇಳುತ್ತದೆ?

ಒಂದೇ ಪದಕ್ಕೆ ಬೇರೆ ಬೇರೆ ಕಡೆ ಬೇರೆ ಅಳತೆಗೋಲು ಇದೆ.

• ಚರ್ಚ್: ಹೆಚ್ಚಿನ ಸಭೆಗಳಲ್ಲಿ ದೀಕ್ಷಾಸ್ನಾನವೇ ಸದಸ್ಯತ್ವದ ಬಾಗಿಲು.

• ಜನಗಣತಿ: ವ್ಯಕ್ತಿ ಹೇಳಿದ ಧರ್ಮವನ್ನೇ ಬರೆದುಕೊಳ್ಳಲಾಗುತ್ತದೆ. 2011ರ ಗಣತಿಯಂತೆ ದೇಶದಲ್ಲಿ ಸುಮಾರು 2.78 ಕೋಟಿ ಕ್ರೈಸ್ತರಿದ್ದರು, ಅಂದರೆ ಜನಸಂಖ್ಯೆಯ ಶೇ 2.3. ಕರ್ನಾಟಕದಲ್ಲಿ ಈ ಪ್ರಮಾಣ ಶೇ 1.87.

• ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ, 1872: ಕ್ರೈಸ್ತ ಧರ್ಮವನ್ನು ಅನುಸರಿಸುವುದಾಗಿ ಹೇಳಿಕೊಳ್ಳುವ ವ್ಯಕ್ತಿಗಳೇ ಕ್ರಿಶ್ಚಿಯನ್ನರು. ಮತಾಂತರಗೊಂಡವರೂ, ಅವರ ಕ್ರೈಸ್ತ ವಂಶಜರೂ 'ಭಾರತೀಯ ಕ್ರೈಸ್ತರು'.

• ಭಾರತೀಯ ಉತ್ತರಾಧಿಕಾರ ಕಾಯ್ದೆ, 1925: ಇಲ್ಲಿ 'ಭಾರತೀಯ ಕ್ರೈಸ್ತ' ಎನ್ನಲು ಧರ್ಮದ ಜೊತೆಗೆ ಮಿಶ್ರಣವಿಲ್ಲದ ಏಷ್ಯಾ ಮೂಲದವರು ಎಂಬ ವಂಶದ ಷರತ್ತೂ ಇದೆ. ಬ್ರಿಟಿಷ್ ಕಾಲದ ಈ ಮಾತು ಕಾಯ್ದೆಯಲ್ಲಿ ಹಾಗೆಯೇ ಉಳಿದಿದೆ.

ಈ ಕಾಯ್ದೆಯ ಮಹತ್ವ ತಿಳಿಯಲು ಮೇರಿ ರಾಯ್ ಪ್ರಕರಣ ಸಾಕು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಂತೆ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ನಾಲ್ಕನೇ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಇದನ್ನು ಪ್ರಶ್ನಿಸಿ ಮೇರಿ ರಾಯ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅಲ್ಲಿನ ಕ್ರೈಸ್ತರಿಗೂ 1925ರ ಕಾಯ್ದೆಯೇ ಅನ್ವಯಿಸುತ್ತದೆ ಎಂದು 1986ರಲ್ಲಿ ಕೋರ್ಟ್ ತೀರ್ಪು ನೀಡಿತು. ಹೆಣ್ಣುಮಕ್ಕಳಿಗೆ ಸಮಪಾಲಿನ ಹಕ್ಕು ಸಿಕ್ಕಿತು.

ಮೀಸಲಾತಿಯಲ್ಲಿ ಪ್ರಶ್ನೆ ಇನ್ನೂ ಜಟಿಲ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಹಿಂದೂ ಧರ್ಮದವರಿಗೆ ಮಾತ್ರ ಎಸ್‌ಸಿ ಸ್ಥಾನಮಾನ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ದಲಿತ ಕ್ರೈಸ್ತರು ಇನ್ನೂ ಹೊರಗಿದ್ದಾರೆ. ಧರ್ಮ ಬದಲಾದರೂ ಜಾತಿ ತಾರತಮ್ಯ ಬಿಟ್ಟಿಲ್ಲ ಎಂಬುದು ಅವರ ವಾದ. ಈ ವಿಷಯ ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗ ರಚಿಸಿತು.

2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ಎದುರಿಸಿತು. ತಾನು ಹಿಂದೂ, ಎಸ್‌ಸಿ ಪ್ರಮಾಣಪತ್ರ ಬೇಕು ಎಂಬುದು ಅವರ ಬೇಡಿಕೆ. ಬಾಲ್ಯದಲ್ಲಾದ ದೀಕ್ಷಾಸ್ನಾನ ಮತ್ತು ಚರ್ಚ್ ಜೊತೆಗಿನ ಒಡನಾಟವನ್ನು ಪರಿಗಣಿಸಿದ ಕೋರ್ಟ್, ಅವರು ಕ್ರೈಸ್ತ ಧರ್ಮವನ್ನೇ ಅನುಸರಿಸುತ್ತಿದ್ದಾರೆ ಎಂದು ಹೇಳಿ ಬೇಡಿಕೆಯನ್ನು ತಿರಸ್ಕರಿಸಿತು. ಅಂದರೆ ಜನಗಣತಿಯಲ್ಲಿ ಬಾಯಿಮಾತು ಸಾಕು, ಪ್ರಮಾಣಪತ್ರದ ವಿಷಯದಲ್ಲಿ ಸಾಲದು.

ಕನ್ನಡದಲ್ಲಿ ಯಾವುದು ಸರಿ?

ಕನ್ನಡದ 'ಕ್ರೈಸ್ತ' ಪದ ಸಂಸ್ಕೃತದ ರೀತಿಯಲ್ಲಿ ರೂಪುಗೊಂಡದ್ದು. ಶಿವನಿಂದ ಶೈವ, ಜಿನನಿಂದ ಜೈನ, ಬುದ್ಧನಿಂದ ಬೌದ್ಧ ಆದಂತೆ ಕ್ರಿಸ್ತನಿಂದ ಕ್ರೈಸ್ತ. ರೋಮನ್ನರ 'ಇಯಾನುಸ್' ಪ್ರತ್ಯಯ ಮಾಡಿದ ಕೆಲಸವನ್ನೇ ಇಲ್ಲಿ ಮೊದಲ ಸ್ವರದ ಬದಲಾವಣೆ ಮಾಡುತ್ತದೆ.

ಇಲ್ಲೇ ಒಂದು ಗೊಂದಲವೂ ಇದೆ. ಇಂಗ್ಲಿಷ್‌ನಲ್ಲಿ 'ಕ್ರೈಸ್ಟ್' ಎಂದರೆ ಸ್ವತಃ ಕ್ರಿಸ್ತ. ಕನ್ನಡದಲ್ಲಿ 'ಕ್ರೈಸ್ತ' ಎಂದರೆ ಅವನ ಅನುಯಾಯಿ. ಉಚ್ಚಾರ ಹತ್ತಿರವಿರುವ ಕಾರಣ 'ಏಸು ಕ್ರೈಸ್ತ' ಎಂದು ಬರೆಯುವವರಿದ್ದಾರೆ. ಅದು ತಪ್ಪು, 'ಏಸು ಕ್ರಿಸ್ತ' ಸರಿ.

ಕನ್ನಡಿಗರು ನೆಲೆಸಿರುವ ಊರುಗಳಲ್ಲಿ ಬೇರೆ ಹೆಸರುಗಳೂ ಕಿವಿಗೆ ಬೀಳುತ್ತವೆ. ಮರಾಠಿಯಲ್ಲಿ ಖ್ರಿಸ್ತಿ, ತೆಲುಗಿನಲ್ಲಿ ಕ್ರೈಸ್ತವ, ತಮಿಳಿನಲ್ಲಿ ಕಿರಿಸ್ತವರ್, ಕೊಂಕಣಿಯಲ್ಲಿ ಪೋರ್ಚುಗೀಸ್ ಮೂಲದ ಕ್ರಿಸ್ತಾಂವ್. ಹಿಂದಿಯ 'ಈಸಾಯಿ' ಮಾತ್ರ ಕ್ರಿಸ್ತ ಎಂಬ ಬಿರುದಿನಿಂದಲ್ಲ, 'ಈಸಾ' ಎಂಬ ಹೆಸರಿನಿಂದ ಬಂದದ್ದು. ಕೇರಳದ 'ನಸ್ರಾಣಿ' ಪದ 'ನಜರೇನ' ಎಂಬ ಹಳೆಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ಬಳಸುವಾಗ ಗಮನದಲ್ಲಿರಲಿ

• ಇಂಗ್ಲಿಷ್‌ನಲ್ಲಿ 'ಕ್ರಿಶ್ಚಿಯನ್' ಪದದ ಮೊದಲ ಅಕ್ಷರ ಯಾವಾಗಲೂ ದೊಡ್ಡದು. 'ಕ್ರಿಸನ್' ಕ್ರಿಯಾಪದಕ್ಕೆ ಸಣ್ಣ ಅಕ್ಷರ ಸಾಕು.

• 'ಎಕ್ಸ್‌ಮಸ್' ಎಂಬ ಸಂಕ್ಷೇಪ ಅವಮಾನವಲ್ಲ. ಅಲ್ಲಿರುವ 'ಎಕ್ಸ್', ಕ್ರಿಸ್ತೋಸ್ ಪದದ ಮೊದಲ ಗ್ರೀಕ್ ಅಕ್ಷರ.

• ಹೆಸರು ನೋಡಿ ಧರ್ಮ ನಿರ್ಧರಿಸುವುದು ಸಲ್ಲ. ಯುರೋಪಿನಲ್ಲಿ 'ಕ್ರಿಶ್ಚಿಯನ್' ಎಂಬುದು ಫ್ಯಾಷನ್ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್‌ನಿಂದ ಡೆನ್ಮಾರ್ಕ್‌ನ ಹಲವು ರಾಜರವರೆಗೆ ಸಾಮಾನ್ಯ ಹೆಸರು.

• 'ಮಿಷನರಿ', 'ಮತಾಂತರಿ', 'ಆಂಗ್ಲೋ ಇಂಡಿಯನ್' ಇವು 'ಕ್ರಿಶ್ಚಿಯನ್' ಪದಕ್ಕೆ ಪರ್ಯಾಯಗಳಲ್ಲ. ಪ್ರತಿಯೊಂದಕ್ಕೂ ಬೇರೆಯದೇ ಅರ್ಥವಿದೆ.

• ವಿವಾಹ, ಉತ್ತರಾಧಿಕಾರ, ಜಾತಿ ಪ್ರಮಾಣಪತ್ರದ ಅರ್ಜಿ ತುಂಬುವಾಗ ಆಯಾ ಕಾಯ್ದೆಯ ವ್ಯಾಖ್ಯಾನವೇ ಮುಖ್ಯ. ಅಲ್ಲಿ ನಿಘಂಟಿನ ಅರ್ಥ ನೆರವಿಗೆ ಬರುವುದಿಲ್ಲ.