‘ಕಾಟಕಾಯಿ’ ಎಂದು ಹೆಸರಿಟ್ಟವರು ಯಾರು?

ಸುಳ್ಯ, ಪುತ್ತೂರು ಕಡೆಯ ಹಿರಿಯರು ‘ಕಲ್ಯಾಣಪ್ಪನ ಕಾಟಕಾಯಿ’ ಅನ್ನುವುದನ್ನು ಕೇಳಿರಬಹುದು. ಕಾಟಕಾಯಿ ಅಂದರೆ ಲೂಟಿ, ದಾಂಧಲೆ. 1837ರಲ್ಲಿ ರೈತರು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿದ್ದಕ್ಕೆ ಉಳಿದ ಹೆಸರು ಇದು. ಗೆದ್ದ ಕಂಪನಿ ಸರ್ಕಾರದ ಕಣ್ಣಿನಲ್ಲಿ ಅದು ಲೂಟಿ. ಆದರೆ ಜನ ಯಾಕೆ ಎದ್ದರು ಅನ್ನುವುದು ಆ ಹೆಸರಿನಲ್ಲಿಲ್ಲ.

ಅಮರ ಸುಳ್ಯ ಆಗ ಕೊಡಗಿನ ಹಾಲೇರಿ ಅರಸರ ಸೀಮೆ. ಕಂದಾಯವನ್ನು ಬೆಳೆದದ್ದರಲ್ಲೇ ಕೊಡಬಹುದಿತ್ತು. 1834ರಲ್ಲಿ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಘಟ್ಟದ ಕೆಳಗಿನ ಈ ಭಾಗವನ್ನು ಕೊಡಗಿನಿಂದ ಬೇರೆ ಮಾಡಿ ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಂದ ಕಂದಾಯ ನಗದಿನಲ್ಲೇ ಕಟ್ಟಬೇಕಾಯಿತು.

ಇದರ ಬಿಸಿ ಬೇಸಾಯ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಯ್ಲು ಮುಗಿದಾಗ ಎಲ್ಲರ ಮನೆಯಲ್ಲೂ ಭತ್ತ, ಆಗಲೇ ಬೆಲೆ ಕಡಿಮೆ. ಕಂತು ಕಟ್ಟಬೇಕಾದವನು ಕಾಯುವ ಹಾಗಿಲ್ಲ, ಕೇಳಿದ ದರಕ್ಕೆ ಮಾರಬೇಕು, ಇಲ್ಲವೇ ಸಾಲ ಎತ್ತಬೇಕು. ಸಾಲದ್ದಕ್ಕೆ ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಕಂಪನಿಯ ಕೈಯಲ್ಲೇ.

1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಜನ ಸೇರಿದರು. ಪುಟ್ಟಬಸಪ್ಪ ಎಂಬ ರೈತನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಅರಸನ ಹೆಸರಿಲ್ಲದೆ ಜನ ಕೂಡುವುದು ಆ ಕಾಲದಲ್ಲಿ ಕಷ್ಟವಿತ್ತು, ಹಾಗಾಗಿ ಇದನ್ನು ಬರೀ ಮೋಸ ಎನ್ನಲು ನನಗೆ ಮನಸ್ಸಿಲ್ಲ. ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ, ಅಂದರೆ ಕಂದಾಯದ ಹಣ ಇದ್ದ ಜಾಗಕ್ಕೇ. ಅಲ್ಲಿಂದ ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ರಂದು ಮಂಗಳೂರು ಹೊಕ್ಕರು. ಸೆರೆಮನೆಯ ಬಾಗಿಲು ತೆರೆದರು. ಗುಡ್ಡದ ಮೇಲೆ ಬಾವುಟ ಹಾರಿಸಿದರು. ಅದೇ ಇಂದಿನ ಬಾವುಟಗುಡ್ಡ.

ಕಣ್ಣೂರು, ತಲಶ್ಶೇರಿ ಕಡೆಯಿಂದ ಕಂಪನಿಯ ದಂಡು ಬಂದ ಮೇಲೆ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಪುಟ್ಟಬಸಪ್ಪ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಎಷ್ಟೋ ಜನರನ್ನು ಕಡಲಾಚೆಗೆ ಸಾಗಿಸಿದರು. ಆ ಮನೆಗಳಲ್ಲಿ ಉಳಿದ ಹೆಂಗಸರು, ಮಕ್ಕಳ ಪಾಡೇನಾಯಿತೋ, ಅದರ ಬಗ್ಗೆ ಬರೆದವರು ಕಡಿಮೆ.

ಇನ್ನೊಂದು ಮಾತನ್ನು ಮರೆಸಬಾರದು. ದಂಗೆ ಅಡಗಿಸಲು ಕಂಪನಿಗೆ ನೆರವಾದವರೂ ಇದೇ ನೆಲದವರು. ದಿವಾನ ಬೋಪು ಅವರಲ್ಲೊಬ್ಬ. ನಿಷ್ಠೆ ತೋರಿದ ಕೊಡಗಿನವರಿಗೆಂದೇ ಕಂಪನಿ ಚಿನ್ನದ, ಬೆಳ್ಳಿಯ ಪದಕ ಮಾಡಿಸಿ ಹಂಚಿತು.

2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಕಂದಾಯ ಮಾತ್ರ ದಂಗೆಯ ನಂತರವೂ ನಗದಿನಲ್ಲೇ ಮುಂದುವರಿಯಿತು. ಕಂಪನಿ ಬೇರೆ ಮಾಡಿದ ಸುಳ್ಯ ಮತ್ತೆ ಕೊಡಗಿಗೆ ಸೇರಲಿಲ್ಲ, ಇವತ್ತಿಗೂ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು.